ಕುಂಕುಮದ ಕೆಳಗಿನ ಸೆಟ್ಟಿಂಗು

ರವಿಕೆಯ ಹುಕ್ಕು ಹುಡುಕಲು ಕೂತವರು ಹುಕ್ಕನ್ನು ಮಾತ್ರ ಹುಡುಕಿ ಎದ್ದು ಬಂದದ್ದನ್ನು ನಾನು ಇಲ್ಲಿಯವರೆಗೆ ಕಂಡಿಲ್ಲ. ನಮ್ಮ ಮನೆಯಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿಯೊಂದಿದೆ. ಅದರಲ್ಲಿ ಹುಕ್ಕು, ಗುಂಡಿ, ಸೇಫ್ಟಿ ಪಿನ್ನು, ಯಾವ ಬೀಗಕ್ಕೆ ಸೇರಿದ್ದೆಂದು ಯಾರಿಗೂ ತಿಳಿಯದ ಮೂರು ಕೀಲಿಕೈ, ಒಂಟಿ ಓಲೆಯ ತಿರುಪು, ಹೀಗೆ ಬಿಸಾಡಲು ಮನಸ್ಸು ಬಾರದ, ಇಟ್ಟುಕೊಂಡರೆ ಉಪಯೋಗಕ್ಕೆ ಬಾರದ ವಸ್ತುಗಳೆಲ್ಲ ಒಟ್ಟಿಗೆ ಸಂಸಾರ ಮಾಡುತ್ತಿವೆ. ಕೆಲವು ತಿಂಗಳ ಹಿಂದೆ ಅದನ್ನು ಕೆದಕುತ್ತಿದ್ದಾಗ ಕೊತ್ತಂಬರಿ ಬೀಜದಷ್ಟು ಚಿಕ್ಕದೊಂದು ಕಪ್ಪು ಪ್ಲಾಸ್ಟಿಕ್ ಚೂರು ಬೆರಳಿಗೆ ಸಿಕ್ಕಿತು. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಇವರಿಗೆ ತೋರಿಸಿದೆ. ಕನ್ನಡಕ ಮೇಲೇರಿಸಿ ನೋಡಿ, ಸತ್ತ ಇರುವೆ ಇರಬೇಕು, ಬಿಸಾಕು ಅಂದರು. ಮೂವತ್ತು ವರ್ಷ ಜೊತೆಯಲ್ಲಿ ಬಾಳಿದವರು ನನ್ನ ಇಡೀ ವೃತ್ತಿಜೀವನವನ್ನು ನೋಡಿ ಸತ್ತ ಇರುವೆ ಅಂದುಬಿಟ್ಟರು. ನಾನು ಅದನ್ನು ಮತ್ತೆ ಡಬ್ಬಿಗೆ ಹಾಕಿದೆ.

ಅದರ ಹೆಸರು ಜಂಪರ್. ಹಳೆಯ ಕಂಪ್ಯೂಟರಿನ ಹೊಟ್ಟೆಯೊಳಗೆ ಸಿಕ್ಕಿಸುತ್ತಿದ್ದ ಕಾರ್ಡುಗಳ ಮೇಲೆ ಸೂಜಿಮೊನೆಯಂಥ ಪುಟ್ಟ ಪುಟ್ಟ ಪಿನ್ನುಗಳಿರುತ್ತಿದ್ದವು. ಎರಡು ಪಿನ್ನುಗಳಿಗೆ ಸೇರಿಸಿ ಈ ಟೊಪ್ಪಿಗೆಯನ್ನು ತೊಡಿಸಿದರೆ ಒಂದು ಅರ್ಥ, ತೆಗೆದರೆ ಇನ್ನೊಂದು ಅರ್ಥ. ನಿಮಗೆ ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಆ ಕಾಲದ ಕಂಪ್ಯೂಟರಿಗೆ ತನ್ನ ಮೈಗೆ ಏನೇನು ಅಂಟಿಕೊಂಡಿದೆ ಎನ್ನುವುದು ತನಗೇ ತಿಳಿಯುತ್ತಿರಲಿಲ್ಲ. ಈಗಿನ ಹಾಗೆ ಏನನ್ನೋ ಚುಚ್ಚಿದ ಕೂಡಲೇ ಓಹೋ ನೀವು ಬಂದಿರಾ ಎಂದು ಗುರುತು ಹಿಡಿಯುವ ನಯ ಅದಕ್ಕಿರಲಿಲ್ಲ. ಪ್ರತಿಯೊಂದು ಸಾಧನಕ್ಕೂ ಡ್ರೈವರ್ ಎಂಬ ಒಬ್ಬ ದುಭಾಷಿ ಪ್ರೋಗ್ರಾಮು ಬೇಕಿತ್ತು. ಆ ದುಭಾಷಿಗೂ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕಿತ್ತು. ಮುಖ್ಯವಾಗಿ, ಕಾರ್ಡಿನ ಮೇಲೆ ಜಂಪರ್ ತೊಡಿಸಿ ಗೊತ್ತುಮಾಡಿದ ಎರಡು ನಂಬರು. ಒಂದು, ಈ ಸಾಧನದ ಮನೆ ನಂಬರು. ಎಲ್ಲಿ ಹುಡುಕಿದರೆ ಅದು ಸಿಗುತ್ತದೆ ಎನ್ನುವುದು. ಇನ್ನೊಂದು, ಗಂಟೆ ನಂಬರು; ಅದಕ್ಕೆ ಏನಾದರೂ ಹೇಳಬೇಕೆನ್ನಿಸಿದಾಗ ಯಾವ ಗಂಟೆ ಬಾರಿಸುತ್ತದೆ ಎನ್ನುವುದು. ಇರುವುದೇ ಹದಿನಾರು ಗಂಟೆ. ಅದರಲ್ಲಿ ಮುಕ್ಕಾಲು ಪಾಲನ್ನು ಕೀಬೋರ್ಡು, ಗಡಿಯಾರ ಮೊದಲಾದ ಹಿರಿಯರು ಆಗಲೇ ಹಿಡಿದುಕೊಂಡು ಕೂತಿರುತ್ತಿದ್ದರು. ಉಳಿದ ಮೂರು ನಾಲ್ಕರಲ್ಲಿ ಹೊಸಬರಿಗೆ ಜಾಗ ಮಾಡಿಕೊಡಬೇಕು. ಇಬ್ಬರಿಗೆ ಒಂದೇ ಗಂಟೆ ಕೊಟ್ಟರೆ ಕಂಪ್ಯೂಟರ್ ಯಾರಿಗೆಂದು ಬಾಗಿಲು ತೆಗೆಯಬೇಕೆಂದು ತಿಳಿಯದೆ ಕಣ್ಣು ಮೇಲೆ ಮಾಡಿಕೊಂಡು ನಿಂತುಬಿಡುತ್ತಿತ್ತು.

ಈ ಜಾಗ ಮಾಡಿಕೊಡುವ ಕೆಲಸ ನನ್ನದು. ಅದು ನನಗೆ ಸುಲಭವಾಗಿ ಒಲಿದದ್ದಕ್ಕೆ ಕಾರಣ ನಮ್ಮಜ್ಜಿ. ಆರ್.ಟಿ. ನಗರದ ಎರಡು ಕೋಣೆಯ ಮನೆಯಲ್ಲಿ ನಾವು ಒಂಬತ್ತು ಜನ, ಬಚ್ಚಲು ಒಂದು. ಬಚ್ಚಲಿನ ಗೋಡೆಗೆ ಅಜ್ಜಿ ಒಂಬತ್ತು ಮೊಳೆ ಹೊಡೆಸಿದ್ದಳು, ಒಬ್ಬೊಬ್ಬರ ಟವೆಲಿಗೆ ಒಂದೊಂದು. ನನ್ನದು ಬಾಗಿಲ ಹಿಂದಿನ ಆರನೆಯ ಮೊಳೆ. ಚಿಕ್ಕಪ್ಪ ಒಮ್ಮೆ ಆತುರದಲ್ಲಿ ನನ್ನ ಮೊಳೆಗೆ ತನ್ನ ಟವೆಲು ಹಾಕಿದ್ದಕ್ಕೆ ಅಜ್ಜಿ ಎರಡು ದಿನ ಅವನ ಹತ್ತಿರ ಮಾತು ಬಿಟ್ಟಿದ್ದಳು. ಸರದಿಯೂ ಹಾಗೆಯೇ. ಶಾಲೆಯವರು, ಆಫೀಸಿನವರು, ಆಮೇಲೆ ಹೆಂಗಸರು. ಆದರೆ ಹೊರಗೆ ಅಜ್ಜಿ ಒಂದು ಸಲ ಕೆಮ್ಮಿದಳೆಂದರೆ ಒಳಗಿದ್ದವರು ಮೈಗೆ ಸೋಪು ಹಚ್ಚಿಕೊಂಡಿದ್ದರೂ ಸರಿ, ಚೊಂಬು ಕೆಳಗಿಟ್ಟು ಹೊರಗೆ ಬರಬೇಕಿತ್ತು. ಮುಂದೆ ನಾನು ಗಂಟೆಗಳ ಮೇಲುಕೀಳಿನ ಪಾಠವನ್ನು ಪುಸ್ತಕದಲ್ಲಿ ಓದಿದಾಗ ಹೊಸದೇನೂ ಅನ್ನಿಸಲಿಲ್ಲ.

ಅಜ್ಜಿಯ ಇನ್ನೊಂದು ಅಭ್ಯಾಸವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮನೆಗೆ ಯಾವ ಪಾತ್ರೆ ಬಂದರೂ ಅದರ ಮೇಲೆ ಹೆಸರು ಕೊರೆಸದೆ ಒಲೆಯ ಮೇಲಿಡುತ್ತಿರಲಿಲ್ಲ. ಪಾತ್ರೆ ಅಂಗಡಿಯವನ ಆ ಕೊರೆಯುವ ಯಂತ್ರದ ಕಿರ್ರ್ ಸದ್ದು ನನ್ನ ಬಾಲ್ಯದ ಸಂಗೀತಗಳಲ್ಲಿ ಒಂದು. ಹೆಸರಿಲ್ಲದ ಲೋಟ ಪಕ್ಕದ ಮನೆಯ ಆಸ್ತಿ ಎಂದು ಅಜ್ಜಿ ನಂಬಿದ್ದಳು. ನಮ್ಮ ಮನೆಯ ಜಾಲರಿ ಸೌಟಿನ ಹಿಡಿಯ ಮೇಲೂ ಅವಳ ಹೆಸರಿತ್ತು. ಕೊರೆಯಲು ಜಾಗ ಸಾಲದೆ ಅರ್ಧಕ್ಕೇ ನಿಂತಿತ್ತು, ಅದು ಬೇರೆ ಮಾತು.

ಡಿಪ್ಲೊಮಾ ಮುಗಿಸಿ ನಾನು ಕೆಲಸಕ್ಕೆ ಸೇರಿದ್ದು ನಮ್ಮ ಮನೆಯಿಂದ ಎರಡು ರಸ್ತೆ ಆಚೆ, ಮೊದಲ ಮಹಡಿಯಲ್ಲಿದ್ದ ಕಂಪ್ಯೂಟರ್ ಅಂಗಡಿಗೆ. ಕೆಳಗೆ ಒಬ್ಬ ಟೈಲರ್, ಮೇಲೆ ನಾವು ಏಳು ಜನ ಎಂಜಿನಿಯರುಗಳು. ಏಳರಲ್ಲಿ ಹೆಂಗಸು ನಾನೊಬ್ಬಳೇ. ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಗಿರಾಕಿಯ ಮನೆಗೆ ಹೋದರೆ ಅವರು ನನ್ನ ಹಿಂದೆ ಇಣುಕಿ ನೋಡುತ್ತಿದ್ದರು. ಸರ್ ಗಾಡಿ ನಿಲ್ಲಿಸ್ತಿದ್ದಾರಾ ಎಂದು ಕೇಳುತ್ತಿದ್ದರು. ಸರ್ ಇಲ್ಲ, ನಾನೇ ಅಂದರೆ, ಪರವಾಗಿಲ್ಲ ಬನ್ನಿ ಎಂದು ಸಮಾಧಾನ ಹೇಳುತ್ತಿದ್ದರು. ಅಂಗಡಿಯಲ್ಲಿ ನನಗೆ ಸೆಟ್ಟಿಂಗ್ ಸರೋಜ ಎಂದೇ ಹೆಸರು. ಎಲ್ಲ ಗಿರಾಕಿಗಳ ಎಲ್ಲ ನಂಬರುಗಳೂ ನನಗೆ ಬಾಯಿಪಾಠ. ನಮ್ಮಮ್ಮನಿಗೆ ಮಾತ್ರ ಆ ಅಡ್ಡಹೆಸರು ಸಂಕಟ. ನಮ್ಮೂರಲ್ಲಿ ಸೆಟ್ಟಿಂಗ್ ಮಾಡಿಕೊಂಡಿದ್ದಾಳೆ ಅಂದರೆ ಬೇರೆಯದೇ ಅರ್ಥ ಎನ್ನುವುದು ನಿಮಗೂ ಗೊತ್ತು. ಗಂಡು ನೋಡುವ ಕಾಲದಲ್ಲಿ ಇದೊಂದು ಮಾತು ಹೊರಗೆ ಬೀಳದಂತೆ ಅಮ್ಮ ಬಹಳ ಎಚ್ಚರ ವಹಿಸಿದ್ದಳು.

ಯಶವಂತಪುರದ ಒಬ್ಬ ಬೇಳೆ ವ್ಯಾಪಾರಿಯ ಕಥೆ ಹೇಳದಿದ್ದರೆ ನನಗೆ ನಿದ್ರೆ ಬರುವುದಿಲ್ಲ. ಅವರ ಮನೆಯಲ್ಲಿ ಯಾರೋ ಮೌಸಿಗೂ ಮೋಡೆಮ್ಮಿಗೂ ಒಂದೇ ಗಂಟೆ ಕೊಟ್ಟು ಹೋಗಿದ್ದರು. ಫೋನ್ ಲೈನಿನಲ್ಲಿ ಇಮೇಲು ಇಳಿಯುತ್ತಿರುವಾಗ ಮೌಸು ಅಲ್ಲಾಡಿದರೆ ಸಾಕು, ಲೈನು ಕಡಿದುಹೋಗುತ್ತಿತ್ತು. ಅವರು ನಮಗೆ ದೂರು ಕೊಡಲೇ ಇಲ್ಲ. ಬೇರೆ ಕೆಲಸಕ್ಕೆಂದು ಹೋದಾಗ ನೋಡುತ್ತೇನೆ, ಗಂಡ ಹೆಂಡತಿ ಇಬ್ಬರೂ ಪರದೆಯ ಮುಂದೆ ಕೈಕಟ್ಟಿ ಅಲುಗದೆ ಕೂತಿದ್ದಾರೆ. ಇಮೇಲ್ ಬರುವಾಗ ಹೀಗೆ ಕೂರುವುದು ಮರ್ಯಾದೆ ಎಂದು ತಿಳಿದುಕೊಂಡಿದ್ದರು. ನಾನು ಗಂಟೆ ಬದಲಾಯಿಸಿ, ಇನ್ನು ಮೌಸು ಮುಟ್ಟಬಹುದು ಅಂದೆ. ಸರಿ ಅಂದರು. ಆಮೇಲೆ ವಿಚಾರಿಸಿದರೆ ಕೈಕಟ್ಟಿ ಕೂರುವುದನ್ನು ಮಾತ್ರ ಅವರು ಬಿಟ್ಟಿರಲಿಲ್ಲ.

ಈಗ ಯಾವುದಕ್ಕೂ ಯಾರೂ ನಂಬರು ಕೊಡುವುದಿಲ್ಲ. ಯಲಹಂಕದ ನಮ್ಮ ಫ್ಲ್ಯಾಟಿನಲ್ಲಿ ಕೂತು ನಾನು ಫೋನಿನಲ್ಲಿ ಏನನ್ನು ತೆರೆದರೂ ಅದು ಅನುಮತಿ ಕೊಡುತ್ತೀರಾ ಎಂದು ಕೇಳುತ್ತದೆ. ಓದದೆ ಕೊಡುತ್ತೇನೆ. ಟಾರ್ಚು ಹೊತ್ತಿಸುವ ಆಪಿಗೆ ನನ್ನ ನೆಂಟರಿಷ್ಟರ ನಂಬರುಗಳೆಲ್ಲ ಯಾಕೆ ಬೇಕು ಎಂದು ಒಮ್ಮೆಯೂ ಕೇಳಿಲ್ಲ. ಕೆಲಸದಿಂದ ನಿವೃತ್ತಳಾದ ಮೇಲೆ ನನ್ನ ಫೋನು ಬಾರಿಸುವವರೂ ಕಡಿಮೆ. ಸಾಲ ಬೇಕಾ ಎನ್ನುವ ಹುಡುಗಿ, ನೀರಿನ ಟ್ಯಾಂಕರಿನವನು, ಬಿಟ್ಟರೆ ನನ್ನ ತಂಗಿ. ಆದ್ದರಿಂದ ಜಂಪರ್ ಸಿಕ್ಕ ನಾಲ್ಕನೆಯ ದಿನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದು ಆಚೆಯವರು ಮೇಡಮ್ನೋರಾ ಅಂದಾಗ ಸಾಲ ಬೇಡ ಎಂದು ಹೇಳಿ ಇನ್ನೇನು ಇಡುವವಳಿದ್ದೆ.

"ಸಾಲ ಅಲ್ಲಮ್ಮ. ನಾನು ಕೋಗಿಲಿಂದ ನಂಜುಂಡಪ್ಪ. ಕಾರ್ಡ್ ಪಂಚಿಂಗು."

ಯಲಹಂಕದ ಪಕ್ಕದ ಕೋಗಿಲಿನ ನಂಜುಂಡಪ್ಪನವರು ನೇಕಾರರು. ಸೀರೆಯ ಅಂಚಿನಲ್ಲಿ ನವಿಲು ಮೂಡಬೇಕಾದರೆ ಯಾವ ಎಳೆಯನ್ನು ಯಾವಾಗ ಎತ್ತಬೇಕೆಂದು ಮಗ್ಗಕ್ಕೆ ಯಾರಾದರೂ ಹೇಳಬೇಕು. ತೂತು ಹೊಡೆದ ರಟ್ಟಿನ ಕಾರ್ಡುಗಳ ಮಾಲೆ ಅದನ್ನು ಹೇಳುತ್ತದೆ. ಒಂದು ಅಂಚಿಗೆ ನೂರಾರು ಕಾರ್ಡು. ಮೊದಲು ಅವರು ಗ್ರಾಫ್ ಹಾಳೆ ನೋಡಿಕೊಂಡು ಕೈಯಿಂದಲೇ ತೂತು ಹೊಡೆಯುತ್ತಿದ್ದರು. ಕಣ್ಣು ಸೋತ ಮೇಲೆ ಕಂಪ್ಯೂಟರ್ ಹೇಳಿದಂತೆ ತೂತು ಹೊಡೆಯುವ ಯಂತ್ರ ತಂದರು. ಸುಮಾರು ಇಪ್ಪತ್ತೇಳು ವರ್ಷದ ಹಿಂದೆ ಆ ಕಂಪ್ಯೂಟರನ್ನೂ ಯಂತ್ರವನ್ನೂ ಹೊಂದಿಸಿಕೊಟ್ಟವಳು ನಾನು. ಈಗ ಮಗ್ಗಗಳೇ ಬದಲಾಗಿ ಕಾರ್ಡು ಬೇಕಾಗುವುದು ಅಪರೂಪ. ಆದರೂ ದೊಡ್ಡಬಳ್ಳಾಪುರದ ಕಡೆಯಿಂದ ತಿಂಗಳಿಗೆ ಒಂದೋ ಎರಡೋ ಡಿಸೈನು ಅವರಿಗೆ ಬರುತ್ತಿತ್ತಂತೆ. ಮೂರು ತಿಂಗಳ ಹಿಂದೆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಸತ್ತುಹೋಯಿತು. ರಿಪೇರಿಯವನೊಬ್ಬ ಎಲ್ಲಿಂದಲೋ ಹಳೆಯ ಡಿಸ್ಕ್ ತಂದು ಹಾಕಿ, ದೇವರ ಕೋಣೆಯಲ್ಲಿ ಜೋಪಾನವಾಗಿದ್ದ ಫ್ಲಾಪಿಯಿಂದ ಡ್ರೈವರನ್ನೂ ಹಾಕಿದ. ಆದರೆ ಆ ಎರಡು ನಂಬರು ಅವನಿಗೆ ತಿಳಿಯದು. ಕಂಪ್ಯೂಟರಿನೊಳಗಿನ ಕಾರ್ಡಿನಲ್ಲಿ ಜಂಪರ್ ಎಲ್ಲಿದ್ದರೆ ಯಾವ ನಂಬರು ಎಂದು ಹೇಳುವ ಪುಸ್ತಕ ಎಂದೋ ಕಳೆದಿತ್ತು. ಸೆಟ್ಟಿಂಗ್ ಮಾಡಿದವರನ್ನೇ ಕೇಳಿ ಎಂದು ಹೊರಟುಹೋದ. ಎಪ್ಪತ್ತು ದಾಟಿದ ನಂಜುಂಡಪ್ಪ ಎರಡು ಬಸ್ಸು ಹಿಡಿದು ಆರ್.ಟಿ. ನಗರಕ್ಕೆ ಹೋಗಿದ್ದಾರೆ. ನಮ್ಮ ಅಂಗಡಿಯಿದ್ದ ಮಹಡಿಯಲ್ಲಿ ಈಗ ಮೋಮೊ ಮಾರುತ್ತಾರೆ. ಕೆಳಗಿನ ಟೈಲರ್ ಮಾತ್ರ ಹಾಗೆಯೇ ಇದ್ದಾರೆ, ನನ್ನ ರವಿಕೆಗಳನ್ನು ಇಂದಿಗೂ ಹೊಲಿಯುವವರು ಅವರೇ. ಹುಕ್ಕು ನಿಲ್ಲದಂತೆ ಹೊಲಿಯುವವರೂ ಅವರೇ. ನನ್ನ ನಂಬರು ಸಿಕ್ಕಿದ್ದು ಅವರಿಂದ.

ನಾನು ಫೋನಿನಲ್ಲೇ ಗತ್ತಿನಿಂದ ಹೇಳಿದೆ, ನಂಬರುಗಳನ್ನು ಕಂಪ್ಯೂಟರ್ ಡಬ್ಬದ ಪಕ್ಕದಲ್ಲಿ ಅಳಿಸದ ಮಾರ್ಕರಿನಲ್ಲಿ ನಾನೇ ಬರೆದಿದ್ದೇನೆ, ಓದಿ ನೋಡಿ ಎಂದು. ಅವರು, ಅದೇ ಕಾಣಿಸ್ತಿಲ್ಲಮ್ಮ, ಒಸಿ ಬಂದು ನೋಡ್ತೀರಾ ಅಂದರು.

ಮರುದಿನ ಬೆಳಿಗ್ಗೆ ಆಟೋ ಹಿಡಿದು ಕೋಗಿಲಿಗೆ ಹೋದೆ. ಜಂಪರನ್ನು ಪರ್ಸಿನಲ್ಲಿ ಹಾಕಿಕೊಂಡಿದ್ದೆ. ಆಪರೇಷನ್ನಿಗೆ ಹೊರಟ ಡಾಕ್ಟರರ ಠೀವಿ ನನ್ನ ಮುಖದಲ್ಲಿತ್ತು ಎಂದು ಇವರು ಆಮೇಲೆ ಹೇಳಿದರು. ನಂಜುಂಡಪ್ಪನವರ ಹಿತ್ತಲಿದ್ದ ಜಾಗದಲ್ಲಿ ಅವರ ಮಗ ಮಂಜುನಾಥ ಮೂರು ಅಂತಸ್ತಿನ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದಾನೆ. ಅದರ ಪಾದದಲ್ಲಿ ಶೀಟಿನ ಶೆಡ್ಡು, ಶೆಡ್ಡಿನೊಳಗೆ ಯಂತ್ರ. ಗೇಟಿನಲ್ಲೇ ಸಿಕ್ಕ ಮಂಜುನಾಥ ಒಳ್ಳೆಯ ಹುಡುಗನೇ. ಕಾಫಿ ಆಯ್ತಾ ಆಂಟಿ ಎಂದು ಕೇಳಿ, ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ವಿಷಯ ಹೇಳಿದ. ಬಾಡಿಗೆಯವರಿಗೆ ಕಾರು ನಿಲ್ಲಿಸಲು ಜಾಗವಿಲ್ಲ, ಎಲ್ಲರೂ ಜಗಳ ಆಡುತ್ತಿದ್ದಾರೆ.

"ಅಪ್ಪಂಗೆ ಬೇಜಾರಾಗುತ್ತೆ ಅಂತ ಮೂರು ತಿಂಗ್ಳು ಸುಮ್ನಿದ್ದೆ ಆಂಟಿ. ನಾಳೆ ಬೆಳಿಗ್ಗೆ ಗುಜರಿಯವ್ನಿಗೆ ಬರಕ್ಕೆ ಹೇಳಿದೀನಿ. ಇವತ್ತು ಓಡಿದ್ರೆ ನಾನೇ ಅವ್ನಿಗೆ ಬೇಡ ಅಂತೀನಿ. ಓಡ್ಲಿಲ್ಲಾಂದ್ರೆ ನೀವೇ ಅಪ್ಪಂಗೆ ಒಂದ್ ಮಾತು ಹೇಳಿ."

ಶೆಡ್ಡಿನೊಳಗೆ ನಂಜುಂಡಪ್ಪ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕೂತಿದ್ದರು. ಮೂರು ತಿಂಗಳಿಂದಲೂ ಅವರ ದಿನಚರಿ ಹೀಗೆಯೇ ಅಂತೆ. ಒಂಬತ್ತು ಗಂಟೆಗೆ ಬಂದು ದೀಪ ಹಚ್ಚುವುದು, ಯಂತ್ರದ ಮುಂದೆ ಮಧ್ಯಾಹ್ನ ಒಂದರವರೆಗೆ ಕೂರುವುದು, ಊಟಕ್ಕೆ ಹೋಗುವುದು. ನಾನು ಯಾಕೆ ಹೀಗೆ ಎಂದು ಕೇಳಬಾರದಿತ್ತು, ಕೇಳಿದೆ.

"ಮೆಷಿನ್ ಓಡ್ತಾ ಇದ್ರೆ ಅದ್ರ ಮುಂದೆ ಕುಂತವ್ನ್ನ ಕೆಲಸ್ಗಾರ ಅಂತಾರಮ್ಮ. ನಿಂತೋದ್ರೆ ಅದೇ ಜಾಗದಾಗೆ ಕುಂತವ್ನ್ನ ಮುದುಕ ಅಂತಾರೆ. ನಂಗೆ ಇನ್ನೊಸಿ ದಿನ ಕೆಲಸ್ಗಾರ ಆಗಿರಬೇಕು, ಅಷ್ಟೇಯ."

ಎಲ್ಲಿ ಬರೆದದ್ದು, ತೋರಿಸಿ ಅಂದೆ. ಅವರು ಕಂಪ್ಯೂಟರ್ ಡಬ್ಬವನ್ನು ಮೆಲ್ಲಗೆ ತಿರುಗಿಸಿದರು. ನಾನು ಬರೆದ ಜಾಗದಲ್ಲಿ ಅಂಗೈ ಅಗಲದ, ಚಕ್ಕುಲಿಯಷ್ಟು ದಪ್ಪದ ಒಂದು ಕೆಂಪು ಗಟ್ಟಿ ಮೆತ್ತಿಕೊಂಡಿತ್ತು. ವಿಭೂತಿ, ಅದರ ಮೇಲೆ ಅರಿಶಿನ, ಅದರ ಮೇಲೆ ಕುಂಕುಮ, ಮತ್ತೆ ವಿಭೂತಿ. ಇಪ್ಪತ್ತೇಳು ಆಯುಧಪೂಜೆಗಳು ಪದರ ಪದರವಾಗಿ ಅಲ್ಲಿ ಒಣಗಿದ್ದವು. ಒಣಗಿದ ಚೆಂಡು ಹೂವಿನ ಎಸಳೊಂದು ಕೂಡ ಒಳಗೆ ಸಿಕ್ಕಿಕೊಂಡಿತ್ತು.

ಇದೇನು ನಂಜುಂಡಪ್ಪನವರೇ ಎಂದು ಕೇಳಿದೆ. ಅವರು ನನ್ನನ್ನೇ ಆಶ್ಚರ್ಯದಿಂದ ನೋಡಿದರು. ಅಂದು ಬರೆದು ಮುಗಿಸಿ ಹೊರಡುವಾಗ ನಾನೇ ಹೇಳಿದ್ದೆನಂತೆ, ಈ ಬರಹವನ್ನು ದೇವರ ಹಾಗೆ ನೋಡಿಕೊಳ್ಳಿ ಎಂದು. ಅವರು ಹಾಗೆಯೇ ನೋಡಿಕೊಂಡಿದ್ದರು. ಬರಹ ಇಂಗ್ಲಿಷಿನಲ್ಲಿದ್ದುದರಿಂದ ಓದಲು ಬರುತ್ತಿರಲಿಲ್ಲ. ಯಂತ್ರ ಓಡುವುದೇ ಅದರ ಬಲದಿಂದ ಎಂದು ಮಾತ್ರ ತಿಳಿದಿತ್ತು. ಆಯುಧಪೂಜೆಯ ದಿನ ಬೇರೆ ಕಡೆಗೆಲ್ಲ ಒಂದು ಬೊಟ್ಟು ಇಟ್ಟರೆ ಈ ಜಾಗಕ್ಕೆ ಧಾರಾಳವಾಗಿ ಹಚ್ಚುತ್ತಿದ್ದರು. ಧೂಳು ಒರೆಸುವಾಗಲೂ ಅದನ್ನು ಯಾರೂ ಮುಟ್ಟಬಾರದೆಂದು ಮನೆಯಲ್ಲಿ ಕಟ್ಟಪ್ಪಣೆ ಆಗಿತ್ತು.

ಒರೆಸೋಣ ಅಂದೆ. ಅವರ ಮುಖ ಸಣ್ಣದಾಯಿತು. ಇಟ್ಟ ಕುಂಕುಮವನ್ನು ಕೈಯಾರೆ ಒರೆಸುವುದು ಅವರಿಂದಾಗದ ಕೆಲಸ ಎಂದು ನನಗೆ ಅರ್ಥವಾಯಿತು. ಅದೂ ಅಲ್ಲದೆ ಒರೆಸುವ ಅಗತ್ಯವಾದರೂ ಏನು, ಸೆಟ್ಟಿಂಗ್ ಸರೋಜ ಜೀವಂತವಾಗಿ ಎದುರಿಗೇ ಕೂತಿದ್ದಾಳಲ್ಲ ಎಂದು ಸೆರಗು ಸಿಕ್ಕಿಸಿಕೊಂಡೆ. ಮನೆ ನಂಬರು ಮುನ್ನೂರು. ಅದರಲ್ಲಿ ಸಂದೇಹವೇ ಇರಲಿಲ್ಲ, ಕಂಪ್ಯೂಟರಿನೊಳಗಿನ ಇಂಥ ಕಾರ್ಡುಗಳಿಗೆಲ್ಲ ನಾನು ಮುನ್ನೂರನ್ನೇ ಕೊಡುತ್ತಿದ್ದೆ. ಗಂಟೆ ನಂಬರು ಐದು. ಎರಡನ್ನೂ ಡ್ರೈವರಿಗೆ ಟೈಪು ಮಾಡಿಕೊಟ್ಟು, ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದೆ. ಸಾಧನ ಇದೆ, ಆದರೆ ಉತ್ತರ ಕೊಡುತ್ತಿಲ್ಲ ಎಂದಿತು. ಹತ್ತು ಹಾಕಿದೆ. ಇಲ್ಲ. ಹನ್ನೊಂದು ಹಾಕಿದಾಗ ಯಂತ್ರ ಒಮ್ಮೆ ನಡುಗಿ, ತೂತು ಹೊಡೆಯುವ ಎಲ್ಲ ಮೊಳೆಗಳನ್ನೂ ಒಟ್ಟಿಗೆ ಇಳಿಸಿ ಒಂದು ಕಾರ್ಡನ್ನು ಜರಡಿ ಮಾಡಿ ಉಗುಳಿತು. ನಂಜುಂಡಪ್ಪ ಅದನ್ನು ಎತ್ತಿ ಮಡಿಲಲ್ಲಿಟ್ಟುಕೊಂಡರು. ಒಂಬತ್ತನ್ನೂ ಮೂರನ್ನೂ ನೋಡಿದ್ದಾಯಿತು. ಏಳನ್ನು ಮಾತ್ರ ಮುಟ್ಟಲಿಲ್ಲ. ಏಳು ಪ್ರಿಂಟರಿನದು. ಆ ಗಂಟೆಯನ್ನು ಬೇರೆಯವರಿಗೆ ಕೊಡಬಾರದೆಂದು ನಾನು ಎಷ್ಟೋ ಹೊಸಬರಿಗೆ ಗದರಿಸಿ ಪಾಠ ಹೇಳಿದವಳು, ನಾನೇ ಹಾಗೆ ಮಾಡಿರುವುದು ಸಾಧ್ಯವೇ ಇರಲಿಲ್ಲ.

ಹನ್ನೆರಡು ಗಂಟೆಯಾಯಿತು. ನನ್ನ ಠೀವಿ ಕರಗಿ ಬೆವರಾಗಿ ಹರಿಯುತ್ತಿತ್ತು. ಮಹಡಿಯ ಮೆಟ್ಟಿಲಿನಿಂದ ಮಂಜುನಾಥ ಎರಡು ಸಲ ಇಣುಕಿ ಹೋದ. ಬಾಯಿಪಾಠವಿದ್ದ ನಂಬರುಗಳು ತಲೆಯಲ್ಲಿ ಯಾವಾಗಿನಿಂದಲೋ ಇರಲಿಲ್ಲ, ಹೆಸರು ಮಾತ್ರ ಉಳಿದಿತ್ತು. ಕೊನೆಗೆ ನಾನೇ ಸೋತೆ. ನನಗೆ ನೆನಪಿಲ್ಲ ನಂಜುಂಡಪ್ಪನವರೇ, ಒರೆಸಲೇಬೇಕು ಅಂದೆ.

ಅವರು ಎದ್ದು ಕೈ ತೊಳೆದುಕೊಂಡು ಬಂದರು. ಡಬ್ಬಕ್ಕೆ ಕೈಮುಗಿದು ಏನೋ ಕ್ಷಮೆ ಕೇಳಿಕೊಂಡರು. ಕೆಳಗೆ ಒಂದು ಪೇಪರು ಹಾಸಿ, ಯಾರೂ ತುಳಿಯದಂತೆ ತುಳಸಿ ಕಟ್ಟೆಗೆ ಹಾಕಬೇಕು ಎಂದು ಹೇಳಿ, ಒದ್ದೆ ಬಟ್ಟೆಯಿಂದ ತಾವೇ ನೆನೆಸತೊಡಗಿದರು. ಗಟ್ಟಿ ಮೆತ್ತಗಾಗಿ ಚಕ್ಕೆ ಚಕ್ಕೆಯಾಗಿ ಕಳಚಿತು. ಮೊದಲು ಒಂದು ಅಕ್ಷರ ಕಂಡಿತು, ಆಮೇಲೆ ಒಂದು ಸಾಲು. ಮಾರ್ಕರ್ ನಿಜಕ್ಕೂ ಅಳಿಸದ್ದೇ. ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ, ನನ್ನದೇ ಕೈಬರಹದಲ್ಲಿ, ಸೆಟ್ಟಿಂಗಿನಲ್ಲಿ ಏನೇ ತೊಂದರೆಯಾದರೂ ಸರೋಜ ಅವರನ್ನು ಮಾತ್ರ ಕರೆಯಿರಿ, ಬೇರೆಯವರು ಮುಟ್ಟಬಾರದು ಎಂದು ಬರೆದಿತ್ತು. ಕೆಳಗೆ ಅಂಗಡಿಯ ಹಳೆಯ ಫೋನ್ ನಂಬರು. ಅಷ್ಟೇ. ಬೇರೆ ನಂಬರಿಲ್ಲ.

ನಂಜುಂಡಪ್ಪ ನನ್ನ ಮುಖ ನೋಡುತ್ತಾ ಕೇಳಿದರು. "ಏನ್ ಬರ್ದೈತಮ್ಮ?"

ಸುಳ್ಳು ಹೇಳಿಬಿಡೋಣ ಎನ್ನಿಸಿತು. ಕುಂಕುಮ ಹತ್ತಿ ನಂಬರು ಅಳಿಸಿಹೋಗಿದೆ ಅಂದಿದ್ದರೆ ಅವರು ನಂಬುತ್ತಿದ್ದರು, ತಪ್ಪೂ ಅವರ ಪಾಲಿಗೇ ಹೋಗುತ್ತಿತ್ತು. ಆದರೆ ಒದ್ದೆ ಬಟ್ಟೆ ಹಿಡಿದು ನಿಂತ ಆ ಮನುಷ್ಯನ ಮುಂದೆ ಬಾಯಿ ಬರಲಿಲ್ಲ. ನನ್ನ ಹೆಸರು ಬರೆದಿದೆ ಅಂದೆ. ಇಪ್ಪತ್ತೇಳು ವರ್ಷ ನೀವು ಪೂಜೆ ಮಾಡಿದ್ದು ನನ್ನ ಹೆಸರಿಗೆ, ನಂಬರು ನಾನು ಬರೆದೇ ಇಲ್ಲ ಅಂದೆ. ನನಗೆ ಬಹಳ ನಾಚಿಕೆಯಾಯಿತು.

ಯಾಕೆ ಬರೆಯಲಿಲ್ಲ ಎನ್ನುವುದು ಅಷ್ಟು ಹೊತ್ತಿಗೆ ನನಗೆ ನೆನಪಾಗಿತ್ತು. ನೆನಪು ಇಂಥದ್ದನ್ನೆಲ್ಲ ಸರಿಯಾಗಿ ಇಟ್ಟುಕೊಂಡಿರುತ್ತದೆ. ಆ ವರ್ಷ ಅಂಗಡಿಯಲ್ಲಿ ಏಳು ಜನರನ್ನು ಐದಕ್ಕೆ ಇಳಿಸುವ ಮಾತು ನಡೆದಿತ್ತು. ಮದುವೆಯಾದವಳು, ಇವತ್ತಲ್ಲ ನಾಳೆ ಮನೆಯಲ್ಲಿ ಕೂರುವವಳು ಎಂದು ಮೊದಲ ಹೆಸರು ನನ್ನದೇ ಇತ್ತು. ನಂಬರುಗಳನ್ನು ಡಬ್ಬದ ಮೇಲೆ ಬರೆದಿಟ್ಟರೆ ಯಾರು ಬೇಕಾದರೂ ಹೋಗಿ ಸರಿಮಾಡಬಹುದು. ನನ್ನ ಹೆಸರು 'ಮಾತ್ರ' ಇದ್ದರೆ ಗಿರಾಕಿ ನನ್ನನ್ನೇ ಕೇಳಬೇಕು. ಯಲಹಂಕದಿಂದ ಯಶವಂತಪುರದವರೆಗೆ ಎಷ್ಟು ಡಬ್ಬಗಳ ಮೇಲೆ ಹೀಗೆ ಬರೆದೆನೋ. ಅಜ್ಜಿ ಪಾತ್ರೆಗಳ ಮೇಲೆ ಕೊರೆಸಿದಂತೆ ನಾನು ಕಂಪ್ಯೂಟರುಗಳ ಮೇಲೆ ಕೊರೆದುಕೊಂಡೆ. ಉಪಾಯ ಫಲಿಸಿತು ಅನ್ನಿ. ಆ ಅಂಗಡಿ ಮುಚ್ಚುವವರೆಗೂ ನಾನಿದ್ದೆ.

ಇದನ್ನೆಲ್ಲ ನಂಜುಂಡಪ್ಪನವರಿಗೆ ಹೇಳಿದೆ. ಅವರು ಬೈಯಬಹುದಿತ್ತು, ಬೈಯಲಿಲ್ಲ. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಮನೆಯೊಳಗಿಂದ ಮಜ್ಜಿಗೆ ತರಿಸಿ ಕೊಟ್ಟರು. ಆಮೇಲೆ ನನಗೆ ಸಮಾಧಾನ ಮಾಡುವವರಂತೆ ಆ ದಿನದ ಮಾತು ತೆಗೆದರು. ನಾನು ಹಸಿರು ಚೂಡಿದಾರ್ ಹಾಕಿಕೊಂಡು ಬಂದಿದ್ದೆನಂತೆ. ಅವರ ಹೆಂಡತಿ ಕೊಟ್ಟ ಅವರೆಕಾಳಿನ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡಿದ್ದೆನಂತೆ. ಒಂದೊಂದೇ ಪ್ರಶ್ನೆ ಕೇಳಿ ಕೇಳಿ ಅವರ ತಲೆ ತಿಂದಿದ್ದೆನಂತೆ.

"ಪ್ರಿಂಟರ್ ಐತಾ, ಮುಂದಕ್ಕಾದ್ರೂ ತಗೋತೀರಾ ಅಂತ ಬಿಡದೆ ಕೇಳಿದ್ರಿ. ನಾನಂದೆ, ನಂಗ್ಯಾಕಮ್ಮ ಪ್ರಿಂಟರು, ಮಗ್ಗಾನೇ ನನ್ ಪ್ರಿಂಟರು ಅಂತ. ನೀವು ಎಂಗ್ ನಕ್ಕಿದ್ರಿ ಅಂತೀರಿ."

ಮಜ್ಜಿಗೆಯ ಲೋಟ ನನ್ನ ಕೈಯಲ್ಲೇ ನಿಂತಿತು. ಆ ನಗು ನನಗೂ ನೆನಪಾಯಿತು. ನಕ್ಕು ನಾನು ಹೇಳಿದ್ದೂ ನೆನಪಾಯಿತು. ಹಾಗಾದರೆ ಪ್ರಿಂಟರಿನ ಜಾಗ ಖಾಲಿ ಬಿದ್ದಿರುತ್ತದೆ, ಅದನ್ನೇ ನಿಮ್ಮ ಯಂತ್ರಕ್ಕೆ ಕೊಡುತ್ತೇನೆ ಎಂದಿದ್ದೆ. ಎಲ್ಲರಿಗೂ ಮಾಡಬೇಡಿ ಎಂದು ಗದರುತ್ತಿದ್ದುದನ್ನು ಇವರೊಬ್ಬರಿಗೆ ನಾನೇ ಮಾಡಿಕೊಟ್ಟಿದ್ದೆ. ನಂಬರು ಮರೆತಿತ್ತು, ಮಾತು ಇಬ್ಬರಲ್ಲಿ ಒಬ್ಬರ ಹತ್ತಿರ ಉಳಿದಿತ್ತು. ಲೋಟ ಕೆಳಗಿಟ್ಟು ಏಳು ಎಂದು ಬರೆದು ಚಾಲೂ ಮಾಡಿದೆ.

ಪರದೆಯ ಮೇಲೆ ಅಕ್ಷರಗಳು ಹರಿದು ನಿಂತವು. ಯಂತ್ರ ಒಂದು ಸಲ ಗೊಗ್ಗರು ಉಸಿರು ಬಿಟ್ಟಿತು. ಆಮೇಲೆ ಟಕಟಕ ಎಂದು ಶುರುವಾಯಿತು. ಮೊದಲ ಕಾರ್ಡು ಹೊರಗೆ ಬಂದಾಗ ನಂಜುಂಡಪ್ಪ ಅದನ್ನು ಬಾಗಿಲ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ತೂತುಗಳನ್ನು ಸಾಲು ಸಾಲಾಗಿ ನೋಡಿದರು. ಎರಡನೆಯ ಕಾರ್ಡಿಗೆ ಕೈಚಾಚಿದರು, ಅಷ್ಟರಲ್ಲೇ ಅವರು ಕೆಲಸಗಾರರಾಗಿಬಿಟ್ಟಿದ್ದರು. ಸದ್ದು ಕೇಳಿ ಮೆಟ್ಟಿಲಿಳಿದು ಬಂದ ಮಂಜುನಾಥ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತ. ಕಿಸೆಯಿಂದ ಫೋನ್ ತೆಗೆದು, ಗುರು ನಾಳೆ ಬರಬೇಡ, ಇಲ್ಲ ಮುಂದಿನ ವಾರಾನೂ ಬೇಡ ಎಂದು ಹೇಳುತ್ತಾ ಹೊರಗೆ ಹೋದ.

ಹೊರಡುವ ಮೊದಲು ನಾನು ಒಂದು ಮಾರ್ಕರ್ ತರಿಸಿದೆ. ಈ ಸಲ ತಪ್ಪು ತಿದ್ದಿಕೊಳ್ಳಲೇಬೇಕು ಎಂದು ಡಬ್ಬದ ಮೇಲೆ, ಹಳೆಯ ಸಾಲಿನ ಕೆಳಗೆ, ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಯತೊಡಗಿದೆ. ಮನೆ ನಂಬರು ಮುನ್ನೂರು ಎಂದು ಬರೆದೆ. ಗಂಟೆ ನಂಬರು ಎಂದು ಬರೆದು ಮುಂದುವರಿಯುವಷ್ಟರಲ್ಲಿ ನಂಜುಂಡಪ್ಪ ಕಾರ್ಡಿನಿಂದ ಕಣ್ಣು ತೆಗೆಯದೆ ಕೇಳಿದರು.

"ಅದನ್ನೂ ಬರ್ದ್ಬುಟ್ರೆ ನೀವ್ಯಾಕ್ ಬತ್ತೀರಾ ಇನ್ನ?"

ನಾನು ಮಾರ್ಕರಿನ ಮುಚ್ಚಳ ಹಾಕಿದೆ. ಮತ್ತೆ ತೆಗೆದೆ. ಕೊನೆಗೆ ಆ ಜಾಗವನ್ನು ಖಾಲಿ ಬಿಟ್ಟು, ಕೆಳಗೆ ನನ್ನ ಈಗಿನ ಫೋನ್ ನಂಬರು ಬರೆದು ಹೊರಟುಬಂದೆ. ಏಳು ಎನ್ನುವುದು ಅವರಿಗೂ ಗೊತ್ತು, ನನಗೂ ಗೊತ್ತು, ಈಗ ನಿಮಗೂ ಗೊತ್ತು. ಆದರೂ ನನ್ನ ತಲೆಯ ಭರವಸೆ ನನಗಿಲ್ಲವಾದ್ದರಿಂದ ಮನೆಗೆ ಬಂದ ಕೂಡಲೇ ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಒಳಗೆ ಕೋಗಿಲು, ಏಳು ಎಂದು ಬರೆದೆ. ಜಂಪರನ್ನು ಹುಕ್ಕುಗಳ ನಡುವೆ ಹಾಕಿದೆ. ಇವರು ನೋಡಿ, ಯಾವ ಬಸ್ಸಿನ ನಂಬರು ಅದು ಎಂದು ಕೇಳಿದರು.

ಮೊನ್ನೆ ಆಯುಧಪೂಜೆ ಕಳೆದ ಮಾರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಫೋನ್ ಬಂತು. ಈ ಸಲ ಫೋನಿನಲ್ಲಿ ನಂಜುಂಡಪ್ಪನವರ ಹೆಸರು ಗುರುತಿಟ್ಟುಕೊಂಡಿದ್ದೆ.

"ಮೇಡಮ್ನೋರೆ, ಆ ಎರಡ್ನೇ ನಂಬ್ರು ಮರ್ತೋಯ್ತು. ಒಸಿ ಬಂದು ನೋಡ್ತೀರಾ? ಉಪ್ಪಿಟ್ಟು ಮಾಡ್ಸಿದೀನಿ."

ಅವರ ಮಾತಿನ ಹಿಂದೆ ಯಂತ್ರ ಟಕಟಕ ಎಂದು ಓಡುತ್ತಿದ್ದುದು ನನಗೆ ಚೆನ್ನಾಗಿ ಕೇಳಿಸುತ್ತಿತ್ತು. ಇಟ್ಟಿರಿ, ಈಗಲೇ ಬರುತ್ತೇನೆ ಅಂದೆ.